ಎರಡನೆಯ ಗ್ಯಾವಿನ್

ಕಲ್ಲುಕುಟಿಗ ಗ್ಯಾವಿನ್ ಡೂಗಿಡ್‌ಗೆ ಹನ್ನೊಂದು ದಿನದ ಕೂಲಿ, ಎಂಬತ್ತೆಂಟು ಡಾಲರ್, ಇನ್ನೂ ಬರಬೇಕು. 1927ರ ಬಾಕಿ. ಕಲ್ಲಿನ ಧೂಳು ತಿಂದ ಎದೆ ಹಿಡಿದುಕೊಂಡು ಆಸ್ಪತ್ರೆ ಸೇರಿದವನಿಗೆ ಕಲ್ಲು ಕೆತ್ತುವ ಷೆಡ್ಡಿನ ಮಾಲೀಕ ಕೊಡಲಿಲ್ಲ. ಆಮೇಲೆ ಇಬ್ಬರೂ ಸತ್ತರು. ಆ ದುಡ್ಡು ಕೇಳಿ ಗ್ಯಾವಿನ್ ಬರೆದ ಕಾಗದವೂ, ಅವನ ಕಾರ್ಮಿಕ ಸಂಘದ ಸದಸ್ಯತ್ವದ ಪುಸ್ತಕವೂ ನೆಟ್ಟಾಗೆ ಸಿಕ್ಕಿದ್ದು ತೀರಿಹೋದ ಸೋದರತ್ತೆಯ ಬಿಸ್ಕತ್ತಿನ ಡಬ್ಬಿಯಲ್ಲಿ.

ನೆಟ್ಟಾ, ಗ್ಯಾವಿನ್ನನ ತಮ್ಮನ ಮೊಮ್ಮಗಳು. ವರ್ಮಾಂಟಿನ ನಮ್ಮ ಗ್ರಾನೈಟ್ ಊರಲ್ಲಿ ಮೂವತ್ತು ವರ್ಷ ಶಾಲೆ ಬಸ್ಸು ಓಡಿಸಿದವಳು. ಚಾಲಕರ ಮುಷ್ಕರದಲ್ಲಿ, ಜೊತೆಗೆ ಬಸ್ಸು ಓಡಿಸುತ್ತಿದ್ದ ನನ್ನ ಪಕ್ಕದಲ್ಲೇ ಹಿಮದಲ್ಲಿ ನಿಂತು ಪೊಲೀಸರಿಗೆ ಬೈದವಳು. ಬಿಡುವಾದಾಗಲೆಲ್ಲ ಸ್ಕಾಟ್ಲೆಂಡಿನಿಂದ ಬಂದ ತನ್ನ ವಂಶದ ಬೇರು ಕೆದಕುತ್ತಿದ್ದಳು. ಐದು ತಲೆಮಾರು, ನೂರ ಅರವತ್ತು ಹೆಸರು.

ಧೂಳಿಗೆ ಬಲಿಯಾದವರ ಹೆಸರು ಕಲ್ಲಿನಲ್ಲಿ ಕೆತ್ತಿಸಲು ಊರಲ್ಲೊಂದು ಸಮಿತಿಯಾಯಿತು. ಗ್ಯಾವಿನ್ನನ ಹೆಸರೂ ಅದರಲ್ಲಿರಬೇಕು ಎಂದು ನೆಟ್ಟಾ ಸಭೆಗೆ ಹೋದಳು. ಅಧ್ಯಕ್ಷ ವೆಂಡೆಲ್ ಕನ್ನಡಕ ಏರಿಸಿದ.

“ನೀನೇ ಲೈಬ್ರರಿಗೆ ಕೊಟ್ಟ ವಂಶವೃಕ್ಷ ನೋಡೇ ತಾಯಿ. ಗ್ಯಾವಿನ್ ಹುಟ್ಟಿದ್ದು 1889, ಸತ್ತಿದ್ದು 1891. ಎರಡು ವರ್ಷದ ಕೂಸು ಇಲ್ಲಿಗೆ ಬಂದು ಉಳಿ ಹಿಡೀತಾ?”

ಸಭೆ ನಕ್ಕಿತು. ನೆಟ್ಟಾ ಮನೆಗೆ ಬಂದು ಸ್ಕಾಟ್ಲೆಂಡಿನ ಹಳೆಯ ಚರ್ಚಿನ ಹುಟ್ಟಿನ ದಾಖಲೆಯ ಪ್ರತಿ ತೆಗೆದಳು. ಗ್ಯಾವಿನ್, 1889. ಅದರ ಕೆಳಗೆ ಇನ್ನೊಬ್ಬ ಗ್ಯಾವಿನ್, 1893. ಎರಡನೆಯದರ ಮೇಲೆ ಅವಳದೇ ಪೆನ್ಸಿಲ್ ಗೀಟು. ‘ಎರಡು ಸಲ ಬರೆದಿದ್ದಾರೆ’ ಎಂದು ಪಕ್ಕದಲ್ಲಿ ಟಿಪ್ಪಣಿ.

ಸ್ಕಾಟ್ಲೆಂಡಿನ ನಮ್ಮ ಹಿರಿಯರು ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರಿಡುತ್ತಿದ್ದರು. ಆ ಕೂಸು ಸತ್ತರೆ ಮುಂದೆ ಹುಟ್ಟಿದ ಗಂಡಿಗೆ ಅದೇ ಹೆಸರು. ಮನೆಯಲ್ಲಿ ಅಜ್ಜನ ಹೆಸರು ಕೂಗದೆ ಇರಬಾರದು. ಟೀವಿ ನೋಡಿ ಮಕ್ಕಳಿಗೆ ಹೆಸರಿಡುವ ನಮಗೆ ಇದೆಲ್ಲ ಮರೆತೇಹೋಗಿತ್ತು. ಸಂಘದ ಪುಸ್ತಕದಲ್ಲಿ ಹುಟ್ಟಿದ ವರ್ಷ 1893 ಎಂದೇ ಇತ್ತು.

ಮುಂದಿನ ಸಭೆಯಲ್ಲಿ ಎಲ್ಲವನ್ನೂ ಮೇಜಿನ ಮೇಲೆ ಬಡಿದಳು. “ತಪ್ಪು ನಂದೇ. ಪೆನ್ಸಿಲ್ ಹಿಡಿದು ಅವನನ್ನ ಕೊಂದೋಳು ನಾನು. ಎಬ್ಬಿಸೋಳೂ ನಾನೇ.”

ವೆಂಡೆಲ್ ತಿರುಗಿಸಿ ತಿರುಗಿಸಿ ಓದಿದ. “ಸರಿ ಕಣೇ, ಒಪ್ಪಿದೆ. ಆದ್ರೆ ಅಕ್ಷರಕ್ರಮದ ಸಾಲಲ್ಲಿ ಜಾಗ ಇಲ್ಲ.”

“ಕಟ್ಟಕಡೇಲಿ ಹಾಕು. ಅವನೇನು ಶಾಲೇಲಿ ಹಾಜರಿ ಹೇಳ್ಬೇಕಾ?”

“ಹೆಂಡ್ತಿ ಮಕ್ಕಳಿಲ್ಲದೋನು. ಯಾರು ಬಂದು ನೋಡ್ತಾರೆ?”

“ನಾನು ನೋಡ್ತೀನಿ. ನೀನೂ ನೋಡ್ತೀಯ ಮುದುಕ, ದಿನಾ ಕಾಫಿಗೆ ಹೋಗೋದು ಆ ಕಲ್ಲಿನ ಮುಂದೇನೇ.”

ಈ ಸಲ ಸಭೆ ವೆಂಡೆಲ್‌ನನ್ನು ನೋಡಿ ನಕ್ಕಿತು. ಕಲ್ಲಿನ ಬುಡದಲ್ಲಿ, ಸಾಲು ತಪ್ಪಿ, ಗ್ಯಾವಿನ್ ಡೂಗಿಡ್ ಈಗ ಇದ್ದಾನೆ. ಅಕ್ಷರ ಆಳವಾಗಿದೆ.

ನಿಮ್ಮ ಮನೆಯ ವಂಶಾವಳಿಯಲ್ಲೂ ಮಕ್ಕಳಿಲ್ಲದೆ ಸತ್ತ ಕೂಲಿಯವನೊಬ್ಬನನ್ನು ಬಿಟ್ಟಿದ್ದೀರಿ. ಯಾರವನು? ಇವತ್ತೇ ಹುಡುಕಿ, ಹೆಸರು ಬರೆಯಿರಿ.