ಅಕ್ಕೋರು ಹಾಕಿದ ರೈಟ್

ಅಕ್ಕೋರು ಯಾವ ಬಣ್ಣದ ಸೀರೆ ಉಟ್ಟರೂ ಎಡಸೊಂಟದ ಮೇಲೆ ಅಂಗೈಯಗಲದ ಬಿಳಿ ಕಲೆಯೊಂದು ಇದ್ದೇ ಇರುತ್ತಿತ್ತು. ಮೊದಮೊದಲು ನಾನು ಅದನ್ನು ಸೀರೆಯದೇ ಬುಟ್ಟಾ ಎಂದು ತಿಳಿದಿದ್ದೆ. ಆಮೇಲೆ ಗೊತ್ತಾಯಿತು, ಅದು ಸೀಮೆಸುಣ್ಣ. ನಮ್ಮ ಕಡೆಯ ಮಾತಿನಲ್ಲಿ ಖಡು. ಖಡು ಹತ್ತಿದ ಬೆರಳಿನಿಂದ ಮುಟ್ಟಿದರೆ ಮೊಬೈಲ್ ಫೋನು ಮಾತು ಕೇಳುತ್ತಿರಲಿಲ್ಲವಂತೆ. ಹೀಗಾಗಿ ಅವರು ಬೋರ್ಡಿನ ಮೇಲೆ ಬರೆಯುವುದು, ಬೆರಳನ್ನು ಸೊಂಟಕ್ಕೆ ಒರೆಸುವುದು, ಫೋನು ಮುಟ್ಟುವುದು, ಮತ್ತೆ ಖಡು ಹಿಡಿಯುವುದು. ಸಂಜೆ ಬಸ್ಸು ಹತ್ತುವ ಹೊತ್ತಿಗೆ ಅರ್ಧ ಪಾಠ ಅವರ ಸೀರೆಯ ಮೇಲೆಯೇ ಇರುತ್ತಿತ್ತು.

ನಾನು ಮನೋಳಿಯಿಂದ ಒಳಗೆ ಸರಿದ ಒಂದು ಹಳ್ಳಿಯ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮುಖ್ಯೋಪಾಧ್ಯಾಯನಾಗಿದ್ದೆ. ನನ್ನ ನಿವೃತ್ತಿಗೆ ಮೂರು ವರ್ಷ ಬಾಕಿ ಇದ್ದಾಗ ಅವರು ಎರಡನೇ ತರಗತಿಗೆ ಶಿಕ್ಷಕಿಯಾಗಿ, ಮಕ್ಕಳ ಬಾಯಲ್ಲಿ ‘ಅಕ್ಕೋರು’ ಆಗಿ ಬಂದರು. ಶುದ್ಧ ಕನ್ನಡದ ಸಂರಕ್ಷಣೆಯ ಭಾರವನ್ನು ಆಗ ನಾನೊಬ್ಬನೇ ಹೊತ್ತಿದ್ದೆ. ಮಕ್ಕಳು ‘ಮನೆ’ ಎಂಬಲ್ಲಿ ‘ಮನಿ’ ಎಂದೂ ‘ಶಾಲೆ’ ಎಂಬಲ್ಲಿ ‘ಸಾಲಿ’ ಎಂದೂ ಬರೆದರೆ ಕೆಂಪು ಶಾಯಿಯಿಂದ ಕಾಟು ಹಾಕುವುದು ನನ್ನ ಜೀವಿತದ ಘನಕಾರ್ಯವಾಗಿತ್ತು. ಸಂಜೆ ಸವದತ್ತಿಯ ನಮ್ಮ ಮನೆಗೆ ಮರಳಿ ಹೊಸ್ತಿಲು ದಾಟಿದ ಮೇಲೆ ನಾನೂ ‘ಮನಿ’ ಎನ್ನುತ್ತಿದ್ದೆನೆಂಬುದು ಇಲಾಖೆಗೆ ಸಂಬಂಧಪಟ್ಟ ವಿಷಯವಲ್ಲ.

ಅಕ್ಕೋರ ಬಳಿ ಇನ್ನೂರು ಪುಟದ ನೋಟಬುಕ್ಕೊಂದಿತ್ತು. ಮಕ್ಕಳ ಕಲಿಕೆಗೆಂದು ಪುಕ್ಕಟೆ ಸಿಗುವ ಆ್ಯಪ್‌ಗಳ ದಾಖಲಾತಿ ಪುಸ್ತಕ ಅದು. ಅಕ್ಷರ ತಿದ್ದಿಸುವಂಥದು, ಮಗ್ಗಿ ಆಡಿಸುವಂಥದು, ಕಥೆ ಓದಿಸುವಂಥದು ಎಲ್ಲವನ್ನೂ ರವಿವಾರ ತಾವೇ ಕುಳಿತು ಆಡಿ ನೋಡುತ್ತಿದ್ದರು. ಬೇಕೆಂತಲೇ ತಪ್ಪು ಉತ್ತರ ಕೊಡುತ್ತಿದ್ದರು. ತಪ್ಪು ಮಾಡಿದ ಮಗುವನ್ನು ಅದು ಹೇಗೆ ಮಾತಾಡಿಸುತ್ತದೆ ಎಂಬುದೇ ಅವರ ಪರೀಕ್ಷೆ. ಮೂರು ಪಾಠ ಕಲಿಸಿ ನಾಲ್ಕನೆಯದಕ್ಕೆ ರೊಕ್ಕ ಕೇಳುವ, ಮಗ್ಗಿಯ ನಡುವೆ ಬಂಗಾರದಂಗಡಿಯ ಜಾಹೀರಾತು ತೂರಿಸುವ ಆ್ಯಪ್‌ಗಳ ಮುಂದೆ ‘ಟಿ.ಸಿ. ಕೊಡಲಾಗಿದೆ’ ಎಂದು ಷರಾ ಬೀಳುತ್ತಿತ್ತು.

“ಇದಕ್ಕ್ಯಾಕ ಟಿ.ಸಿ. ಅಕ್ಕೋರೆ? ರೊಕ್ಕಾ ಕೇಳಿಲ್ಲಲ್ಲ?” ಎಂದು ಒಮ್ಮೆ ಕೇಳಿದೆ.

“ತಪ್ಪಾದ ಕೂಡ್ಲೆ ‘ಪೇಂ’ ಅಂತ ಒದರತೈತ್ರಿ ಸರ. ಹುಡುಗರು ಅಂಜತಾವು.”

“ಪುಕ್ಕಟ ಸಿಗೂದು ಎಷ್ಟು ಬಾಳಿಕಿ ಬಂದೀತು?”

“ನಮ್ಮ ಸಾಲಿನೂ ಪುಕ್ಕಟನ ಅಲ್ರೀ ಸರ?”

ಮೂವತ್ತೈದು ವರ್ಷ ಸೇವೆ ಸಲ್ಲಿಸಿದ ಅಧಿಕಾರಿ ಇಂಥಲ್ಲಿ ಏನು ಮಾಡಬೇಕೋ ಅದನ್ನೇ ಮಾಡಿದೆ. ‘ಶಾಲಾ ಅವಧಿಯಲ್ಲಿ ದೂರವಾಣಿ ಉಪಕರಣಗಳನ್ನು ಅನವಶ್ಯಕವಾಗಿ ಬಳಸತಕ್ಕದ್ದಲ್ಲ’ ಎಂದು ನೋಟೀಸು ಬರೆದು ಅವರ ಕೈಗಿತ್ತೆ. ಅವರು ವಿನಯದಿಂದ ಸಹಿ ಮಾಡಿ ಇಸಿದುಕೊಂಡರು. ಮರುದಿನ ಅವರ ತರಗತಿಗೆ ಹೋದರೆ, ಮೇಜಿನ ಮೇಲೆ ಖಡುವಿನ ಡಬ್ಬಿಗೆ ಫೋನು ಆತು ನಿಂತಿತ್ತು. ಅದು ಜಾರದಂತೆ ನನ್ನ ನೋಟೀಸು ನಾಲ್ಕು ಮಡಿಕೆಯಾಗಿ ಬುಡಕ್ಕೆ ಸೇರಿತ್ತು.

“ಅವಶ್ಯ ಇದ್ದಾಗಷ್ಟ ಬಳಸ್ತೇನ್ರಿ ಸರ,” ಎಂದರು. “ನಿಮ್ಮ ನೋಟೀಸು ಭಾಳ ಉಪಯೋಗಕ್ಕ ಬಿತ್ತು.”

ಶಾಲೆಯಲ್ಲಿ ನೆಟ್‌ವರ್ಕು ಇಲಾಖೆಯ ತಪಾಸಣೆಯಂತೆ, ಬಂದರೆ ಬಂತು. ಅದಕ್ಕೆ ಅವರು ಬೆಳಿಗ್ಗೆ ಸವದತ್ತಿ ಬಸ್‌ಸ್ಟ್ಯಾಂಡಿನಲ್ಲೇ ದಿನದ ಪಾಠವನ್ನು ಫೋನಿಗೆ ಇಳಿಸಿಕೊಂಡು ಬರುತ್ತಿದ್ದರು. ಅವರಿಗೆ ಬಲು ಪ್ರಿಯವಾದದ್ದು ಓದಿಸುವ ಒಂದು ಆ್ಯಪ್. ಪರದೆಯ ಮೇಲೆ ಚಿತ್ರ, ಕೆಳಗೆ ಪದ. ಮಗು ಗಟ್ಟಿಯಾಗಿ ಓದಬೇಕು. ಸರಿಯಿದ್ದರೆ ಹಸಿರು ರೈಟ್ ಬಿದ್ದು ಮೊಲವೊಂದು ಚಪ್ಪಾಳೆ ತಟ್ಟುತ್ತದೆ. ತಪ್ಪಿದ್ದರೆ ಸದ್ದಿಲ್ಲದ ಕೆಂಪು ಕಾಟು.

ಒಂದು ದಿನ ನಾನು ಬಾಗಿಲಲ್ಲಿ ನಿಂತಿದ್ದಾಗ ಒಬ್ಬ ಹುಡುಗಿ ಮನೆಯ ಚಿತ್ರ ನೋಡಿ ಸಂಭ್ರಮದಿಂದ “ಮನಿ!” ಎಂದಳು. ಕೆಂಪು ಕಾಟು ಬಿತ್ತು. ಹುಡುಗರು ನಕ್ಕರು. ಯಂತ್ರವೂ ನನ್ನ ಪಕ್ಷವೇ ಎಂದು ನನಗೆ ಒಳಗೊಳಗೇ ಹಿಗ್ಗು.

“ನಂದು ತಪ್ಪೇನ್ರಿ ಅಕ್ಕೋರೆ?” ಹುಡುಗಿಯ ಕಣ್ಣು ತುಂಬಿತ್ತು.

“ತಪ್ಪಲ್ಲವಾ. ಈ ಫೋನು ಪುಸ್ತಕದ ಹೊಟ್ಟ್ಯಾಗ ಹುಟ್ಟೇತಿ. ನೀ ನಿಮ್ಮವ್ವನ ಹೊಟ್ಟ್ಯಾಗ ಹುಟ್ಟೀದಿ. ಅದು ಮನೆ ಅಂತೈತಿ, ನೀ ಮನಿ ಅಂತಿ. ಅದರ ಮಾತು ನೀ ಕಲಿ. ನಿನ್ನ ಮಾತು ಬಿಡಬ್ಯಾಡ.”

ಹಿಂದಿನ ಸಾಲಿನಿಂದ ಒಬ್ಬ ಪೋರ ಎದ್ದು ನಿಂತ. “ಹಂಗಾದ್ರ ಹೆಡ್‌ಸರು ಯಾರ ಹೊಟ್ಟ್ಯಾಗ ಹುಟ್ಟ್ಯಾರ್ರಿ ಅಕ್ಕೋರೆ?”

ಇಡೀ ತರಗತಿ ಬಾಗಿಲ ಕಡೆ ತಿರುಗಿತು. ಅಕ್ಕೋರು ನಗಲಿಲ್ಲ. “ಅದನ್ನ ಸರನ್ನ ಕೇಳ್ರಿ,” ಎಂದು ಬೆರಳನ್ನು ಸೊಂಟಕ್ಕೆ ಒರೆಸಿಕೊಂಡರು. ನನಗೆ ಕಚೇರಿಯಲ್ಲಿ ತುರ್ತು ಕೆಲಸ ನೆನಪಾಯಿತು.

ನಿವೃತ್ತನಾದ ಮರುವರ್ಷ ನನಗೆ ಲಕ್ವಾ ಹೊಡೆಯಿತು. ಕೈಕಾಲುಗಳು ತಿಂಗಳೊಪ್ಪತ್ತಿನಲ್ಲಿ ಮರಳಿ ಕೆಲಸಕ್ಕೆ ಹಾಜರಾದವು. ಮಾತು ಮಾತ್ರ ರಜೆ ಚೀಟಿಯನ್ನೂ ಕೊಡದೆ ಹೋಯಿತು. ಸಂಧಿ ಸಮಾಸಗಳೆಲ್ಲ ತಲೆಯೊಳಗೆ ಜೋಡಿಸಿದಂತೆ ಇದ್ದವು, ನಾಲಿಗೆಗೆ ಒಂದೂ ಇಳಿಯುತ್ತಿರಲಿಲ್ಲ. ನೀರು ಬೇಕಾದರೆ ತಂಬಿಗೆ ಬಾರಿಸುತ್ತಿದ್ದೆ. ದಿನಾ ರೂಢಿ ಮಾಡಿಸಿ, ಈಗ ಬಿಟ್ಟರೆ ಮುಂದೆ ಬರುವುದು ಕಷ್ಟ ಎಂದು ಡಾಕ್ಟರು ಹೇಳಿ ಕಳಿಸಿದರು. ಮಾಡಿಸುವವರು ಯಾರು?

ಸುದ್ದಿ ತಿಳಿದು ಅಕ್ಕೋರು ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ನಮ್ಮ ಮನೆಗೆ ಬಂದರು. ನನ್ನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, “ಎರಡು ತಿಂಗಳಾತ್ರಿ ಅಕ್ಕೋರೆ, ಇವರು ನನ್ನ ಒಮ್ಮೆನೂ ಬೈದಿಲ್ಲ. ಮನಿ ಬಣಬಣ ಅನ್ನಾಕ ಹತ್ತೇತಿ,” ಎಂದಳು.

ಅಕ್ಕೋರು ಚೀಲದಿಂದ ನೋಟಬುಕ್ಕು ತೆಗೆದು ಕೊನೆಯ ಪುಟದಲ್ಲಿ ನನ್ನ ಹೆಸರು ಬರೆದರು. “ಸರ, ನಿಮ್ಮನ್ನ ಎರಡನೇ ಕ್ಲಾಸಿಗೆ ದಾಖಲ ಮಾಡ್ಕೊಂಡೇನ್ರಿ. ಗೈರಹಾಜರಿ ನಡಿಯೂದಿಲ್ಲ.”

ನನ್ನಲ್ಲೇ ಬಿಟ್ಟುಹೋಗಲೆಂದು ತಂದ ತಮ್ಮ ಹಳೆಯ ಫೋನನ್ನು ಖಡುವಿನ ಡಬ್ಬಿಗೆ ಆನಿಸಿದರು. ಬುಡಕ್ಕೆ ಅದೇ ನೋಟೀಸು. ಅದನ್ನೂ ಚೀಲದಲ್ಲಿಟ್ಟುಕೊಂಡು ಬಂದಿದ್ದರು.

ಅಂದಿನಿಂದ ಕನ್ನಡ ವ್ಯಾಕರಣದ ಮಾಜಿ ದಂಡಾಧಿಕಾರಿಯು ದಿನಾ ಬೆಳಿಗ್ಗೆ ಮೀಸೆ ತೀಡಿಕೊಂಡು ಒಂದು ಮೊಲದ ಚಪ್ಪಾಳೆಗಾಗಿ ಕಾಯುತ್ತ ಕುಳಿತನು. ಮೊಲ ತಟ್ಟಲಿಲ್ಲ. ನಾನು ಬಾಯಿ ತೆರೆದರೆ ಉಸಿರು ಹೊರಡುತ್ತಿತ್ತು. ‘ಕೇಳಿಸಲಿಲ್ಲ, ಮತ್ತೊಮ್ಮೆ ಹೇಳಿ’ ಎನ್ನುತ್ತಿತ್ತು ಫೋನು, ನಾನು ಎಂದೂ ತೋರಿಸದಿದ್ದ ತಾಳ್ಮೆಯಿಂದ. ಬೇಕೆಂತಲೇ ತಪ್ಪು ಉತ್ತರ ಕೊಟ್ಟು ಅಕ್ಕೋರು ಏನನ್ನು ಪರೀಕ್ಷಿಸುತ್ತಿದ್ದರೆಂಬುದು ನನಗೆ ಆಗ ತಿಳಿಯಿತು. ಪ್ರತಿ ಶನಿವಾರ ಅವರು ಬಂದು ಎದುರಿಗೆ ಕುಳಿತು ತಾವೂ ನನ್ನ ಜೊತೆ ಬಾಯಿ ತೆರೆಯುತ್ತಿದ್ದರು, ಹಕ್ಕಿ ಮರಿಗೆ ಗುಟುಕು ಕೊಡುವ ಹಾಗೆ.

ಎಷ್ಟನೆಯ ಶನಿವಾರವೋ, ಪರದೆಯ ಮೇಲೆ ಮನೆಯ ಚಿತ್ರ ಬಂತು. ಕೆಂಪು ಹಂಚು, ಒಂದು ಬಾಗಿಲು, ಕೆಳಗೆ ದಪ್ಪಕ್ಷರದಲ್ಲಿ ‘ಮನೆ’. ನನ್ನ ತುಟಿಗಳು ಕೂಡಿದವು. ಎಲ್ಲಿಂದಲೋ, ನಾನು ಸಂರಕ್ಷಿಸಿದ ಕನ್ನಡದ ಎಷ್ಟೋ ಕೆಳಗಿನಿಂದ, ಒಂದು ಸದ್ದು ಎದ್ದು ಬಂತು.

“ಮ... ನಿ.”

ಕೆಂಪು ಕಾಟು ಬಿತ್ತು.

ಅಡುಗೆಮನೆಯಲ್ಲಿ ಪಾತ್ರೆಯೊಂದು ನೆಲಕ್ಕುರುಳಿತು. ಹೆಂಡತಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ನಾನಾದರೋ ಅಷ್ಟು ತಿಂಗಳ ಮೇಲೆ ಬಂದ ಮಾತಿನ ಸಂತೋಷವನ್ನು ಮರೆತು, ಆ ಕಾಟನ್ನೇ ನೋಡುತ್ತ ತಲೆ ತಗ್ಗಿಸಿದೆ. ‘ನೆ’ ಎನ್ನಲು ಹೆಣಗಿದೆ. ಬರಲಿಲ್ಲ. ಆ ಹುಡುಗಿಯ ತುಂಬಿದ ಕಣ್ಣು ನನಗೆ ಆಗ ನೆನಪಾಯಿತು.

ಅಕ್ಕೋರು ಫೋನನ್ನು ಬೋರಲು ಮಲಗಿಸಿದರು. ಡಬ್ಬಿಯಿಂದ ಖಡು ತೆಗೆದು, ನಮ್ಮ ನಡುಮನೆಯ ಕಲ್ಲುಹಾಸಿನ ಮೇಲೆ, ನನ್ನ ಕಾಲ ಬಳಿಯೇ ಕುಳಿತು, ದೊಡ್ಡದಾಗಿ ‘ಮನಿ’ ಎಂದು ಬರೆದರು. ಅದರ ಮುಂದೆ ಮೊಳದುದ್ದದ ಒಂದು ರೈಟ್ ಎಳೆದರು. ನನ್ನ ಸೇವಾವಧಿಯಲ್ಲಿ ಆ ಪದಕ್ಕೆ ಎಂದೂ ಬೀಳದ ರೈಟ್.

“ಅವತ್ತ ಆ ಹುಡುಗ ಕೇಳಿದ್ದಕ್ಕ ಇವತ್ತ ಉತ್ತರ ಸಿಕ್ಕತ ನೋಡ್ರಿ ಸರ,” ಎಂದರು. “ನೀವೂ ನಿಮ್ಮವ್ವನ ಹೊಟ್ಟ್ಯಾಗ ಹುಟ್ಟೀರಿ.”

ಅಷ್ಟು ಹೇಳಿ ಬೆರಳನ್ನು ಸೊಂಟಕ್ಕೆ ಒರೆಸಿಕೊಂಡು, ಮುಂದಿನ ಪದಕ್ಕೆ ಫೋನನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದರು. ನಾನು ಹಲವು ತಪಾಸಣಾಧಿಕಾರಿಗಳ ಮುಂದೆ ಎದ್ದು ನಿಂತವನು. ಯಾರೂ ಹೇಳದೆ ಒಳಗಿನಿಂದಲೇ ಎದ್ದು ನಿಲ್ಲಬೇಕೆನಿಸಿದ್ದು ಅಂದು ಮಾತ್ರ.

ಆ ರೈಟನ್ನು ನನ್ನ ಹೆಂಡತಿ ಬಹಳ ದಿನ ಸಾರಿಸಗೊಡಲಿಲ್ಲ. ಅದರ ಹಿಂದೆ ‘ನೀರ’ ಬಂತು, ‘ರೊಟ್ಟಿ’ ಬಂತು, ಕೊನೆಗೆ ಆಕೆ ಹಂಬಲಿಸಿದ್ದ ಬೈಗುಳವೂ ಬಂತು. ಪುಸ್ತಕದ ಮಾತು ಕೈಗೆ ಮರಳಿದೆ, ಈ ಬರಹವೇ ಸಾಕ್ಷಿ. ನಾಲಿಗೆಗೆ ಮಾತ್ರ ಅದು ಇನ್ನೂ ಹಾಜರಾಗಿಲ್ಲ. ನಾನೂ ನೋಟೀಸು ಕೊಟ್ಟಿಲ್ಲ.

ಅಕ್ಕೋರು ಈಗ ವರ್ಗವಾಗಿ ಸುರೇಬಾನದ ಕಡೆಗಿದ್ದಾರೆ. ಅಲ್ಲಿಯೂ ಅವರ ಸೀರೆಗೆ ಬಿಳಿ ಕಲೆ ಬಿದ್ದೇ ಇರುತ್ತದೆ. ಶನಿವಾರ ಶಾಲೆ ಬಿಟ್ಟೊಡನೆ ಅವರ ಫೋನು ಬರುತ್ತದೆ. ಪ್ರಶ್ನೆ ಪ್ರತಿ ವಾರ ಒಂದೇ.

“ಎಲ್ಲಿದ್ದೀರ್ರಿ ಸರ?”

“ಮನಿಯೊಳಗ ಅದೀನ್ರಿ ಅಕ್ಕೋರೆ.”

ಆ ಕಡೆ ಸೀರೆಯ ಸರಬರ ಕೇಳುತ್ತದೆ. ಬೆರಳು ಒರೆಸಿಕೊಳ್ಳುತ್ತಿರಬೇಕು.

“ರೈಟ್ ರೀ ಸರ.”