ನಾಸ್ ಕಣಿವೆಯ ಅಣಬೆಗೆ ಯಾರ ಅಪ್ಪಣೆ?

2013ರಲ್ಲಿ ನಾನು ಟೋಕಿಯೊದ ಅಣಬೆ ಆಮದು ಸಂಸ್ಥೆಯೊಂದರಲ್ಲಿ ಗುಣಮಟ್ಟ ಪರೀಕ್ಷಕಿಯಾಗಿದ್ದೆ. 2011ರ ಭೂಕಂಪ ಮತ್ತು ಅಣುಸ್ಥಾವರದ ಅಪಘಾತದ ನಂತರ ಈಶಾನ್ಯ ಜಪಾನಿನ ಹಲವೆಡೆ ಕಾಡಣಬೆಯ ಮಾರಾಟಕ್ಕೆ ನಿರ್ಬಂಧ ಬಿದ್ದಿತ್ತು. ಆಹಾರದಲ್ಲಿ ವಿಕಿರಣಶೀಲ ಸೀಸಿಯಂ ಕಿಲೋಗೆ ನೂರು ಬೆಕೆರೆಲ್ ಮೀರುವಂತಿರಲಿಲ್ಲ. ಅದನ್ನು ಅಳೆಯುವುದು ನನ್ನ ಕೆಲಸ. ಶಿಲೀಂಧ್ರ ವಿಜ್ಞಾನದಲ್ಲಿ ನನಗೆ ಡಾಕ್ಟರೇಟ್ ಇದೆ. ಆದರೂ 2009ರಲ್ಲಿ ನಾನು ಕೆಲಸಕ್ಕೆ ಸೇರಿದ ದಿನ ಖರೀದಿ ಮುಖ್ಯಸ್ಥ ಮೊರಿಟಾ-ಸಾನ್ ನನ್ನನ್ನು ಚಹಾ ತರುವವಳೆಂದು ಭಾವಿಸಿ "ಎರಡು ಕಪ್" ಎಂದಿದ್ದರು. ಅಂದು ಸೋಮವಾರ, ಅದು ಬಾರ್ಲಿ ಚಹಾ; ಯಾವುದನ್ನೂ ಮರೆತಿಲ್ಲ.

ಜಪಾನೀಯರಿಗೆ ಶರತ್ಕಾಲವೆಂದರೆ ಪೈನ್ ಕಾಡಿನ ಮತ್ಸುತಾಕೆ ಅಣಬೆ. ಅದರ ಹತ್ತಿರದ ಪ್ರಭೇದವೊಂದು ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನಾಸ್ ಕಣಿವೆಯಲ್ಲಿ ಬೆಳೆಯುತ್ತದೆ. ಆ ಕಣಿವೆ ನಿಸ್ಗಾ ಎಂಬ ಮೂಲನಿವಾಸಿಗಳದು. ನೇರ ಖರೀದಿಯ ಮಾತುಕತೆಗೆಂದು ನಿಸ್ಗಾ ಸರ್ಕಾರದ ಅರಣ್ಯಾಧಿಕಾರಿ ಲೋರ್ನಾ ಬಂದರು. ಅರವತ್ತರ ಆಸುಪಾಸಿನ, ಮೆಲುದನಿಯ ಮಹಿಳೆ. ಮೊರಿಟಾ-ಸಾನ್‌ಗೆ ಇಂಗ್ಲಿಷ್ ಬಾರದ ಕಾರಣ ನಾನೇ ದುಭಾಷಿ.

ಅವರು ತಂದಿದ್ದ ಅಣಬೆಯ ಮಾದರಿಗಳಲ್ಲಿ ಸೀಸಿಯಂ ಮಿತಿಗಿಂತ ಬಹಳ ಕೆಳಗಿತ್ತು. ತಕರಾರು ಬಂದದ್ದು ಬೇರೆಡೆ. ಕೊಡೆ ಬಿಚ್ಚದ ಎಳೆ ಅಣಬೆಗೆ ಇಲ್ಲಿ ಅತಿ ಹೆಚ್ಚಿನ ಬೆಲೆ. ಮೊರಿಟಾ-ಸಾನ್‌ಗೆ ಅದೇ ಬೇಕಿತ್ತು. ಅದು ಹೇರಳವಾಗಿ ಸಿಗಬೇಕಾದರೆ ನೆಲದ ಪಾಚಿಯನ್ನು ಗೋರಿ ಹುಡುಕಬೇಕು. ಹಾಗೆ ಗೋರಿದರೆ ಮಣ್ಣಿನೊಳಗಿನ ಶಿಲೀಂಧ್ರದ ಎಳೆಗಳು ಹರಿದು ಮುಂದಿನ ವರ್ಷಗಳ ಬೆಳೆ ಹಾಳಾಗುತ್ತದೆ.

"ಗೋರುವವರಿಗೆ ನಮ್ಮ ಕಾಡಿನಲ್ಲಿ ಪರವಾನಗಿ ಇಲ್ಲ," ಎಂದರು ಲೋರ್ನಾ. "ಈ ಕರಾರು ಕೈತಪ್ಪಿದರೆ ನಮ್ಮೂರಿನ ಎಷ್ಟೋ ಮನೆಗಳಿಗೆ ಈ ಹಂಗಾಮಿನ ದುಡಿಮೆಯೇ ಇಲ್ಲ. ಆದರೂ ಆಗುವುದಿಲ್ಲ."

ಮೊರಿಟಾ-ಸಾನ್ ನಕ್ಕರು. "ಯಾವುದೋ ಹಳ್ಳಿ ಸಂಘದ ಕಟ್ಟುಪಾಡಿರಬೇಕು. ಕೆನಡಾ ಸರ್ಕಾರವನ್ನೇ ಕೇಳೋಣ."

ಸಾಮಾನ್ಯವಾಗಿ ನಾನು ಇಂಥ ಮಾತಿಗೆ ಸ್ವಲ್ಪ ಬೆಲ್ಲ ಸವರಿ ಅನುವಾದಿಸುತ್ತಿದ್ದೆ. ಅಂದು ಇದ್ದದ್ದನ್ನು ಇದ್ದಂತೆಯೇ ದಾಟಿಸಿದೆ.

ಲೋರ್ನಾ ಕೆರಳಲಿಲ್ಲ. "1887ರಲ್ಲಿ ನಮ್ಮ ಮುಖಂಡರು ದೋಣಿಯಲ್ಲಿ ಪ್ರಾಂತ್ಯದ ರಾಜಧಾನಿ ವಿಕ್ಟೋರಿಯಾಕ್ಕೆ ಹೋಗಿ ನೆಲದ ಹಕ್ಕು ಕೇಳಿದರು. ಅಲ್ಲಿನ ಸರ್ಕಾರ ಅವರನ್ನು ಬರಿಗೈಲಿ ವಾಪಸು ಕಳಿಸಿತು. ಸರ್ಕಾರದೊಂದಿಗಿನ ನಮ್ಮ ಒಪ್ಪಂದ ಜಾರಿಗೆ ಬಂದದ್ದು 2000ದ ಮೇ 11ರಂದು. ಸುಮಾರು ಎರಡು ಸಾವಿರ ಚದರ ಕಿಲೋಮೀಟರ್ ನೆಲ ನಮ್ಮದಾಯಿತು, ಅಲ್ಲಿನ ಕಾಡಿಗೆ ಕಾನೂನು ಮಾಡುವ ಅಧಿಕಾರವೂ ಬಂತು. ಇವರು ಕೆನಡಾ ಸರ್ಕಾರವನ್ನೇ ಕೇಳಲಿ ಬಿಡಿ. ಕಾಯುವುದು ನಮಗೆ ಗೊತ್ತು."

"ನೂರಾ ಹದಿಮೂರು ವರ್ಷ ಮರೆಯಲಿಲ್ಲವೇ?" ಎಂದೆ.

"ನೀವು ಮರೆಯುತ್ತೀರಾ?"

"ನನ್ನದು ಬರೀ ನಾಲ್ಕು ವರ್ಷದ್ದು. ಈತ ನನ್ನಿಂದ ಚಹಾ ತರಿಸಿದ್ದು."

"ಇನ್ನೂ ಎಳೆಯದು."

ಏನು ಮಾತಾಡುತ್ತಿದ್ದೀರಿ ಎಂದರು ಮೊರಿಟಾ-ಸಾನ್. ಇತಿಹಾಸ, ಎಂದೆ.

ಅವರು ತಮಗೆ ಪರಿಚಯವಿದ್ದ ಕೆನಡಾದ ವಾಣಿಜ್ಯ ಅಧಿಕಾರಿಯೊಬ್ಬರಿಗೆ ಸ್ಪೀಕರ್ ಫೋನಿನಲ್ಲಿ ಕರೆ ಮಾಡಿದರು. ಅತ್ತಲಿಂದ ಸೊಗಸಾದ ಜಪಾನಿಯಲ್ಲಿ ಉತ್ತರ ಬಂತು: "ನಿಸ್ಗಾ ನೆಲದ ಕಾಡಿನ ಉತ್ಪನ್ನಕ್ಕೆ ಕಾನೂನು ಮಾಡುವುದು ನಿಸ್ಗಾ ಸರ್ಕಾರವೇ. ಅದು ಪ್ರಾಂತ್ಯದ್ದಕ್ಕಿಂತ ಸಡಿಲವಿರುವಂತಿಲ್ಲ, ಬಿಗಿಯಿರಬಹುದು. ಅಲ್ಲಿ ಲೋರ್ನಾ ಎಂಬ ಅರಣ್ಯಾಧಿಕಾರಿ ಇದ್ದಾರೆ. ಅವರ ನಂಬರ್ ಕೊಡಲೇ?"

ಮೊರಿಟಾ-ಸಾನ್ ಲೋರ್ನಾರತ್ತ ಒಮ್ಮೆ ನೋಡಿದರು. "ಕ್ಷಮಿಸಿ, ಬೇಡ. ಎದುರಿಗೇ ಕೂತಿದ್ದಾರೆ."

ನಾನು ಆ ಕ್ಷಣದಲ್ಲಿ ನಗಲಿಲ್ಲವೆಂಬುದನ್ನು ಇಲ್ಲಿ ದಾಖಲಿಸುತ್ತೇನೆ. ಫೋನ್ ಇಟ್ಟು ಅವರು ಲೋರ್ನಾರ ಕಡೆ ತಿರುಗಿ ಕೇಳಿದರು: "ನಿಮ್ಮ ಕಾನೂನಿನಂತೆ ನಾವು ಯಾವುದನ್ನು ಕೊಳ್ಳಬಹುದು?"

ಕೊಡೆ ಬಿಚ್ಚಿದ ಅಣಬೆಯಲ್ಲಿ ಪರಿಮಳ ಹೆಚ್ಚು, ಅನ್ನದ ಜೊತೆ ಬೇಯಿಸುವ ಹೋಟೆಲುಗಳಿಗೆ ಅದೇ ಮೇಲು ಎಂದು ನಾನು ಎರಡು ಮಾದರಿ ಮುಂದಿಟ್ಟೆ. ಮೊರಿಟಾ-ಸಾನ್ ಮೂಸಿ ನೋಡಿ, ಮತ್ತೊಮ್ಮೆ ಮೂಸಿದರು. ಸಂಜೆಯೊಳಗೆ ಕರಾರಿಗೆ ಸಹಿ ಬಿತ್ತು. ಬೆಲೆ ತುಸು ಇಳಿಯಿತು. ಪಾಚಿ ಗೋರಬಾರದೆಂಬ ಷರತ್ತು ಒಂದಕ್ಷರವೂ ಇಳಿಯಲಿಲ್ಲ.

ಅವಮಾನವನ್ನು ಜೋಪಾನವಾಗಿಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದುಕೊಂಡಿದ್ದೆ. ಲೋರ್ನಾರ ಜನ ಅದನ್ನು ಕಾನೂನಾಗುವವರೆಗೂ ಕೈಬಿಟ್ಟಿರಲಿಲ್ಲ. ಆ ಕೆಲಸ ನನಗೆ ಕಲಿಸಿದ ಪಾಠ ಅದೇ. ಮರುವಾರ ಮೊರಿಟಾ-ಸಾನ್ ಮುಂದೆ ಕೂತು, ಪರೀಕ್ಷಕಿಯ ಒಪ್ಪಿಗೆಯಿಲ್ಲದೆ ಗೋದಾಮಿನಿಂದ ಒಂದು ಪೆಟ್ಟಿಗೆಯೂ ಹೊರಹೋಗಬಾರದೆಂಬ ನಿಯಮ ಮಾಡಿಸಿದೆ. ನಾನು ನಿವೃತ್ತಳಾಗುವವರೆಗೂ ಅದು ಜಾರಿಯಲ್ಲಿತ್ತು.