ಗಾಜಿನ ಮೇಲೆ ಫ್ಲಾವಿಯಾ ಟೀಚರು

ಉರ್ವ ಮಾರ್ಕೆಟಿನ ಹಿಂದಿನ ಓಣಿಯಲ್ಲಿ ಫ್ಲಾವಿಯಾ ಟೀಚರು ಗೇಟಿನ ಬಳಿ ನಿಂತರೆ ಸಾಕು, ತಲೆ ನರೆತ ಗಂಡಸರೂ ಸ್ಕೂಟರಿನ ವೇಗ ಇಳಿಸಿ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ. ಅವರ ಟೈಪಿಂಗ್ ಕ್ಲಾಸಿನಲ್ಲಿ ಗೂನು ಬೆನ್ನು ಮಾಡಿ ಕೂತವರಿಗೆ ಫುಟ್‌ರೂಲಿನ ರುಚಿ ಗೊತ್ತು. ಬ್ಯಾಂಕು, ಕೋರ್ಟು, ವಕೀಲರ ಆಫೀಸು, ದುಬೈ ಮಸ್ಕತ್ತಿನ ಕಂಪೆನಿಗಳು, ಎಲ್ಲಿ ನೋಡಿದರೂ ಅವರ ಶಿಷ್ಯರು. ಕೀಗಳ ಮೇಲೆ ಬಟ್ಟೆ ಹಾಸಿ, ಅದರಡಿ ಕೈ ತೂರಿಸಿ ಟೈಪ್ ಮಾಡಿಸುತ್ತಿದ್ದರು. "ಬೆರಳು ನೋಡುವವನು ಟೈಪಿಸ್ಟ್ ಅಲ್ಲ, ಕೋಳಿ. ಕೋಳಿ ಮಾತ್ರ ನೋಡಿ ನೋಡಿ ಕುಕ್ಕುವುದು" ಅನ್ನುತ್ತಿದ್ದರು. ಹಾಳೆಯಲ್ಲಿ ಒಂದು ತಪ್ಪು ಸಿಕ್ಕರೆ ಕೆಂಪು ಪೆನ್ನಿನ ಸುತ್ತು ಬೀಳುತ್ತಿತ್ತು, ಇಡೀ ಹಾಳೆಯನ್ನು ಮತ್ತೊಮ್ಮೆ ಹೊಡೆಯಬೇಕಾಗುತ್ತಿತ್ತು. ರಬ್ಬರು, ಬಿಳಿ ಶಾಯಿ ಇವೆಲ್ಲ ಅಲ್ಲಿ ನಡೆಯುತ್ತಿರಲಿಲ್ಲ.

ಅಂಥ ಟೀಚರನ್ನು ಆ ದಿನ ಬೆಳಿಗ್ಗೆ ಒಂದು ಟ್ಯಾಬ್ಲೆಟ್ಟು ಕೋಳಿ ಮಾಡಿ ಕೂರಿಸಿತ್ತು.

ಟ್ಯಾಬ್ಲೆಟ್ಟನ್ನು ತಂದುಕೊಟ್ಟವನು ಅಣ್ಣನ ಮಗ ಡೆರಿಲ್. ಬಜಪೆಯಲ್ಲಿ ಅವನ ಮನೆ. ಕ್ಲಾಸು ಮುಚ್ಚಿ ಮೆಶಿನುಗಳೆಲ್ಲ ಗುಜರಿಗೆ ಹೋದ ಮೇಲೆ ಆಂಟಿ ಸುಮ್ಮನೆ ಕೂತು ಕಂಡಕಂಡವರ ಮೇಲೆ ರೇಗುವುದನ್ನು ನೋಡಲಾರದೆ ತಂದಿದ್ದ. ಟೀಚರಲ್ಲಿದ್ದದ್ದು ಮಾತಾಡಲು ಮಾತ್ರ ಬರುವ ಬಟನ್ ಫೋನು. ಟ್ಯಾಬ್ಲೆಟ್ಟಿನಲ್ಲಿ ಇಮೇಲ್ ಮಾಡಿಕೊಟ್ಟು, ವಿಳಾಸವನ್ನು ಬಂಧುಗಳಿಗೆಲ್ಲ ಹಂಚಿ ಡೆರಿಲ್ ಪುಣ್ಯ ಕಟ್ಟಿಕೊಂಡ. ಪುಣ್ಯವೋ ಪಾಪವೋ ದೇವರಿಗೇ ಗೊತ್ತು. ಟೈಪಿಸ್ಟರ ಬೆರಳುಗಳು ಕೆಲಸವಿಲ್ಲದಾಗ ಕೀಗಳ ನಡುಸಾಲಿನ ಮೇಲೆ ವಿಶ್ರಮಿಸಬೇಕು. ಅದು ಮೊದಲ ಪಾಠ. ಗಾಜಿನ ಮೇಲೆ ಬೆರಳು ವಿಶ್ರಮಿಸಿದರೆ ಗಾಜು ಅದನ್ನೂ ಬರೆಯುತ್ತದೆ. ಟೀಚರು ಇನ್ನೂ ಯೋಚಿಸುತ್ತಿರುವಾಗಲೇ ಅಲ್ಲಿ ಎರಡು ಸಾಲು ಗೀಚಾಟ ಬಿದ್ದಿರುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಯಾರಾದರೂ ನಕ್ಕಾರು ಅನ್ನುವ ಅಂಜಿಕೆಯಿಂದ ಟೀಚರು ಈ ಸಂಕಟವನ್ನು ಯಾರಿಗೂ ಹೇಳಿರಲಿಲ್ಲ.

ಬೆಳಿಗ್ಗೆ ಪೂಜೆ ಮುಗಿಸಿ ಇಗರ್ಜಿಯಿಂದ ಬಂದವರು ಇಮೇಲಿನ ಕಸ ಗುಡಿಸೋಣವೆಂದು ಕೂತರು. ಕಸವೆಂದರೆ ಕಸ. ಸೀರೆಗೆ ಅರ್ಧ ಬೆಲೆ, ಮೊಣಕಾಲಿಗೆ ಎಣ್ಣೆ, ಸಾಲ ಬೇಕೇ, ವಿಮೆ ಬೇಕೇ, ಬೋಳುತಲೆಗೆ ಕೂದಲು ಬೇಕೇ. ಒಂದನ್ನು ಅಳಿಸಲು ಹೋದರೆ ಇನ್ನೊಂದು ತೆರೆದುಕೊಳ್ಳುತ್ತಿತ್ತು, ಬೇಡ ಎಂದು ಒತ್ತಿದರೆ ಧನ್ಯವಾದ ಹೇಳಿ ಮತ್ತೆರಡನ್ನು ಕಳಿಸುತ್ತಿತ್ತು. ಹೀಗೆ ಗೊಣಗುತ್ತ ಅಳಿಸುತ್ತ ಕೆಳಗಿಳಿದಾಗ ಸೀರೆಗೂ ಎಣ್ಣೆಗೂ ನಡುವೆ ತಂಗಿಯ ಹೆಸರು ಕಂಡಿತು. ಗ್ಲ್ಯಾಡಿಸ್. ಕಾಗದ ಬಂದು ಮೂರು ದಿನವಾಗಿತ್ತು.

ಗ್ಲ್ಯಾಡಿಸ್ ಮಸ್ಕತ್ತಿನ ಆಸ್ಪತ್ರೆಯಲ್ಲಿ ನರ್ಸು. ಅಕ್ಕ ತಂಗಿ ಮಾತು ಬಿಟ್ಟು ನಾಲ್ಕು ವರ್ಷ. ತಾಯಿ, ಅವರ ಮಾಂಯ್, ಹಾಸಿಗೆ ಹಿಡಿದಾಗ ನೋಡಿಕೊಂಡವರು ಫ್ಲಾವಿಯಾ ಒಬ್ಬರೇ. ತಾಯಿ ಹೋದಾಗ ಗ್ಲ್ಯಾಡಿಸಿಗೆ ರಜೆ ಸಿಗಲಿಲ್ಲ, ಮಣ್ಣಿಗೂ ಬರಲಾಗಲಿಲ್ಲ. ಆ ಸಂಜೆ ಅವಳು ಅಳುತ್ತ ಫೋನು ಮಾಡಿದಾಗ ದಣಿದು ಹಣ್ಣಾಗಿದ್ದ ಟೀಚರ ಬಾಯಿಂದ ಒಂದು ಮಾತು ಬಂತು: "ಕಂಡವರ ತಾಯಂದಿರ ಸೇವೆ ಮಾಡಿಕೊಂಡಿರು ನೀನು. ಸಂಬಳ ಬರ್ತದೆ." ಆ ಕಡೆಯಿಂದ ಫೋನು ಇಟ್ಟ ಸದ್ದು ಕೇಳಿತು. ಆಮೇಲೆ ಗ್ಲ್ಯಾಡಿಸ್ ಫೋನು ಮಾಡಲಿಲ್ಲ. ಟೀಚರೂ ಮಾಡಲಿಲ್ಲ. ಮಾಡಬೇಕೆಂದು ಎಷ್ಟು ಸಲ ಅನ್ನಿಸಿದರೂ ಅವರ ಅಭಿಮಾನ ಅಡ್ಡ ಬಂತು.

ಈಗ ತಂಗಿ ಬರೆದಿದ್ದಳು. "ಶುಕ್ರವಾರ ಸಂಜೆ ಬಜಪೆ ಏರ್‌ಪೋರ್ಟಿನಲ್ಲಿ ಇಳಿಯುತ್ತೇನೆ. ಒಂದು ವಾರ ರಜೆ. ನೀನು ಬಾ ಅಂದರೆ ಉರ್ವದ ಮನೆಗೆ ಬರುತ್ತೇನೆ, ಇಲ್ಲದಿದ್ದರೆ ಡೆರಿಲನ ಮನೆಯಲ್ಲಿದ್ದು ಹಿಂದಿರುಗುತ್ತೇನೆ. ಫೋನು ಬೇಡ, ಫೋನಿನಲ್ಲಿ ನಿನ್ನ ಬಾಯಿ ನನಗೆ ಗೊತ್ತು. ಬರೆದು ಹೇಳು. ಬರೆಯುವಾಗಲಾದರೂ ನೀನು ಯೋಚನೆ ಮಾಡುತ್ತಿ. ಇದಕ್ಕೆ ಉತ್ತರ ಬಾರದಿದ್ದರೆ ಇನ್ನು ಕೇಳುವುದಿಲ್ಲ."

ಆ ದಿನವೇ ಶುಕ್ರವಾರ. ಟೀಚರು ಕನ್ನಡಕ ಒರೆಸಿದರು, ಎದ್ದು ನೀರು ಕುಡಿದರು, ಕುಡಿದ ಲೋಟವನ್ನು ಎಲ್ಲಿಟ್ಟೆನೆಂದು ಹುಡುಕಿದರು, ಮತ್ತೆ ಬಂದು ಕೂತರು.

ಮೊದಲು ಇಂಗ್ಲಿಷಿನಲ್ಲಿ ಶುರು ಮಾಡಿದರು. ಓದಿದರೆ ಕಚೇರಿಯಿಂದ ಹೋಗುವ ನೋಟೀಸಿನ ಹಾಗೆ ಕಂಡಿತು. ತಂಗಿಯನ್ನು ಮನೆಗೆ ಕರೆಯುವ ಮಾತು ಕೊಂಕಣಿಯಲ್ಲೇ ಇರಬೇಕು ಅನ್ನಿಸಿತು. ಇಂಗ್ಲಿಷ್ ಅಕ್ಷರದಲ್ಲಿ ಕೊಂಕಣಿ ಬರೆಯತೊಡಗಿದರು. ಆಗ ಶುರುವಾಯಿತು ನಿಜವಾದ ಮಹಾಭಾರತ. ಟ್ಯಾಬ್ಲೆಟ್ಟಿಗೆ ಕೊಂಕಣಿ ಗೊತ್ತಿಲ್ಲ. ಗೊತ್ತಿಲ್ಲದಿದ್ದರೆ ಸುಮ್ಮನಿರಬಹುದಲ್ಲ, ಅದೂ ಇಲ್ಲ. ಟೀಚರು ಬರೆದ ಒಂದೊಂದು ಶಬ್ದವನ್ನೂ ತಪ್ಪೆಂದು ತಿಳಿದು ಯಾವುದೋ ಇಂಗ್ಲಿಷ್ ಶಬ್ದವಾಗಿ ತಿದ್ದುತ್ತಿತ್ತು. ಮನೆಯೆಂದು 'ಘರ್' ಬರೆದರೆ 'ಹೇರ್' ಎಂಬ ಮೊಲವಾಯಿತು, ಉರ್ವ ಬರೆದರೆ 'ಅರ್ನ್' ಎಂಬ ಹೂದಾನಿಯಾಯಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಜೀವಮಾನವಿಡೀ ಊರಿನವರ ತಪ್ಪು ತಿದ್ದಿದ ಹೆಂಗಸಿನ ಸರಿಯನ್ನು ಒಂದು ಹಲಗೆ ತಿದ್ದುವುದೆಂದರೆ! ಟೀಚರಿಗೆ ಕೆನ್ನೆಗೆ ಹೊಡೆದಷ್ಟು ಅವಮಾನವಾಯಿತು.

ಹಿಂದಕ್ಕೆ ಹೋಗಿ ಅಳಿಸಿದರು. ಅಳಿಸಲು ಹೋದ ಬೆರಳು ಎರಡು ಶಬ್ದದ ನಡುವೆ ನಿಲ್ಲಲೊಲ್ಲದು, ಪಕ್ಕದ ಸಾಲಿಗೆ ಹಾರುತ್ತದೆ. ಒಮ್ಮೆ ಪೂರ್ತಿ ಕಾಗದ ನೀಲಿಯಾಯಿತು, ಮುಟ್ಟಿದರೆ ಮಾಯವಾಯಿತು. ಮೊದಲಿನಿಂದ ಬರೆದರು. ಈ ಸಲ ಕೈಯ ಒತ್ತಡಕ್ಕೆ ಕೀಬೋರ್ಡಿನ ಅಕ್ಷರದ ಸಾಲೇ ಎರಡು ತುಂಡಾಗಿ ಪರದೆಯ ಆ ಬದಿಗೆ ಅರ್ಧ, ಈ ಬದಿಗೆ ಅರ್ಧ ಹೋಗಿ ಕೂತಿತು. ಅದನ್ನು ಮತ್ತೆ ಜೋಡಿಸುವುದು ಹೇಗೆಂದು ತಿಳಿಯದೆ ಟೀಚರು ಡೆರಿಲಿಗೆ ಫೋನು ಮಾಡಿದರು.

"ಆಂಟಿ, ನಾನು ನಂತೂರಿನಲ್ಲಿ ಲಾರಿಗಳ ಮಧ್ಯೆ ಸಿಕ್ಕಿಬಿದ್ದಿದ್ದೇನೆ" ಎಂದು ಹಾರ್ನುಗಳ ನಡುವೆ ಡೆರಿಲ್ ಕೂಗಿದ. "ಎಂತ ಆಯ್ತು?"

"ಕೀಬೋರ್ಡು ಒಡೆದು ಹೋಗಿದೆ ಮಾರಾಯ."

"ಗ್ಲಾಸ್ ಬಿರುಕು ಬಿಟ್ಟಿತಾ?"

"ಗ್ಲಾಸಿಗೆ ಎಂತದೂ ಆಗ್ಲಿಲ್ಲ, ಅದು ಕಲ್ಲಿನ ಹಾಗೆ ಉಂಟು. ಅಕ್ಷರ ಎರಡು ಪಾಲಾಗಿದೆ. ಗ್ಲ್ಯಾಡಿಸಿಗೆ ಕಾಗದ ಬರೀಲಿಕ್ಕುಂಟು, ಅವಳು ವಿಮಾನ ಹತ್ತುವ ಮೊದಲು ಹೋಗಬೇಕು."

ಗ್ಲ್ಯಾಡಿಸ್ ಹೆಸರು ಕೇಳಿದ್ದೇ ಡೆರಿಲ್ ಕಾರಿನ ಗಾಜು ಏರಿಸಿದ. "ಎರಡು ಬೆರಳಿಂದ ಒಟ್ಟಿಗೆ ತಳ್ಳಿ ಆಂಟಿ, ಸೇರಿಕೊಳ್ತದೆ. ಮತ್ತೆ, ಹೇಗೆ ಬಂತೋ ಹಾಗೆ ಕಳಿಸಿಬಿಡಿ. ಮೇಲೆ ನೀಲಿ ಬಾಣ ಉಂಟಲ್ಲ, ಅದನ್ನು ಒತ್ತಿದರಾಯ್ತು. ಸ್ಪೆಲ್ಲಿಂಗ್ ಯಾರು ನೋಡ್ತಾರೆ?"

"ನಾನು ನೋಡ್ತೇನೆ" ಎಂದು ಟೀಚರು ಫೋನು ಇಟ್ಟರು.

ಗಡಿಯಾರದ ಮುಳ್ಳು ಮಾತ್ರ ಓಡುತ್ತಿತ್ತು. ಒಲೆಯ ಮೇಲಿಟ್ಟ ಗಂಜಿ ಉಕ್ಕಿ ಹೊರಗೆ ಹರಿಯಿತು, ಒರೆಸಿ ಬಂದರು. ಸೀರೆಯವರದು ಮತ್ತೊಂದು ಇಮೇಲ್ ಬಂದು ಪರದೆಯ ನೆತ್ತಿಯ ಮೇಲೆ ಟಿಂಗ್ ಎಂದು ಕೂತಿತು, ಅದನ್ನು ಸರಿಸಲು ಹೋಗಿ ತಂಗಿಯ ಕಾಗದವೇ ಎಲ್ಲೋ ಸರಿದು ಹೋಯಿತು, ಹುಡುಕಿ ತಂದರು. ಒಂದು ಬೆರಳಿನಿಂದ, ಪ್ರತಿ ಅಕ್ಷರವನ್ನೂ ನೋಡಿ ನೋಡಿ, ಬೆನ್ನು ಬಾಗಿಸಿ ಕುಕ್ಕಿದರು. ಆ ಭಂಗಿಯಲ್ಲಿ ಶಿಷ್ಯರು ಯಾರಾದರೂ ನೋಡಿದ್ದರೆ! ಕಿಟಕಿಯ ಪರದೆಯನ್ನೂ ಎಳೆದುಬಿಟ್ಟರು. ನಾಲ್ಕು ಸಾಲು ಬಂತು. ಮನೆಗೆ ಬಾ. ನಿನ್ನ ಕೋಣೆ ಗುಡಿಸಿಟ್ಟಿದ್ದೇನೆ. ಮಾಂಯ್‌ಯ ಸಮಾಧಿಗೆ ಒಟ್ಟಿಗೆ ಹೋಗೋಣ. ಕೊನೆಯ ಸಾಲು ಆ ಸಂಜೆಯ ಮಾತಿನ ಬಗ್ಗೆ. ಎಲ್ಲಕ್ಕಿಂತ ಹೆಚ್ಚು ತಪ್ಪು ಬಿದ್ದದ್ದು ಅಲ್ಲಿಯೇ.

ತಿದ್ದಲು ಹೊತ್ತಿರಲಿಲ್ಲ. ತಂಗಿ ಈಗ ವಿಮಾನ ಹತ್ತುತ್ತಿರಬೇಕು. ತಪ್ಪಿರುವ ಕಾಗದವನ್ನು ಈ ಕೈ ಇದುವರೆಗೆ ಹೊರಗೆ ಬಿಟ್ಟಿರಲಿಲ್ಲ. ಟೀಚರು ಶಿಲುಬೆಯ ಗುರುತು ಹಾಕಿಕೊಂಡು, ಕಣ್ಣು ಮುಚ್ಚಿ, ಬಾಣ ಒತ್ತಿದರು.

ಆಮೇಲೆ ಕೂರಲು ಆಗಲಿಲ್ಲ. ಕೋಣೆಯನ್ನು ನಿಜವಾಗಿಯೂ ಗುಡಿಸಿದರು, ಯಾಕೆಂದರೆ ಕಾಗದದಲ್ಲಿ ಬರೆದದ್ದು ಸುಳ್ಳಾಗಿತ್ತು. ಹೊಸ ಹಾಸು ಹಾಸಿದರು. ಮಾರ್ಕೆಟಿಗೆ ಓಡಿ ಬಂಗುಡೆ ಮೀನು ತಂದು ಸಾರು ಮಾಡಿದರು. ನಡುನಡುವೆ ಬಂದು ಟ್ಯಾಬ್ಲೆಟ್ಟು ನೋಡಿದರು. ಮೊಣಕಾಲಿನ ಎಣ್ಣೆಯವರನ್ನು ಬಿಟ್ಟು ಬೇರೆ ಯಾರಿಗೂ ಅವರ ನೆನಪಾಗಿರಲಿಲ್ಲ. ಸಂಜೆಯಾಯಿತು. ರಿಕ್ಷಾದ ಸದ್ದಾದಾಗಲೆಲ್ಲ ಗೇಟಿಗೆ ಬಂದು ನಿಂತು, ರಿಕ್ಷಾ ಮುಂದಕ್ಕೆ ಹೋದ ಮೇಲೆ ಗೇಟಿನ ತುಕ್ಕು ನೋಡುವವರ ಹಾಗೆ ನಟಿಸಿ ಒಳಗೆ ಬಂದರು. ಕತ್ತಲಾಗುವ ಹೊತ್ತಿಗೆ ಡೆರಿಲ್ ಫೋನು ಮಾಡಿದ.

"ಆಂಟಿ, ಗ್ಲ್ಯಾಡಿಸ್ ಆಂಟಿ ನಮ್ಮ ಮನೆಗೇ ಬಂದಿದ್ದಾರೆ."

"ಕಾಗದ ಸಿಗಲಿಲ್ವಾ?"

"ಸಿಕ್ಕಿದೆ. ಅದನ್ನು ಬರೆದದ್ದು ನಾನು ಅಂತ ನನಗೆ ಬೈತಾ ಇದ್ದಾರೆ. ನಿಮ್ಮಿಬ್ಬರನ್ನು ಒಂದು ಮಾಡ್ಲಿಕ್ಕೆ ನಾನು ನಾಟಕ ಮಾಡಿದ್ದಂತೆ. ಫ್ಲಾವಿ ಅಕ್ಕನ ಕೈಯಿಂದ ಇಷ್ಟು ತಪ್ಪಿನ ಕಾಗದ ಸತ್ತರೂ ಬರ್ಲಿಕ್ಕಿಲ್ಲ, ತನ್ನ ಮಸ್ಕತ್ತಿನ ಅರ್ಜಿಯನ್ನು ಒಂದು ಕಾಮಾ ಸಾಲದೆ ಏಳು ಸಲ ಹೊಡೆಸಿದ್ದಾಳೆ ಅಂತ ಹೇಳ್ತಾರೆ. ನಾನು ಎಂತ ಹೇಳಿದರೂ ಕೇಳುವುದಿಲ್ಲ."

"ಫೋನು ಅವಳಿಗೆ ಕೊಡು."

"ಕೊಟ್ಟೆ. ಮುಟ್ಟುವುದಿಲ್ಲ ಅಂತಾರೆ."

ಟೀಚರು ಚಪ್ಪಲಿ ಮೆಟ್ಟಿದರು. ಒಲೆ ಆರಿಸಿದ್ದೇನೋ ಇಲ್ಲವೋ ಎಂದು ಅರ್ಧ ಓಣಿಯಿಂದ ಹಿಂದೆ ಬಂದು ನೋಡಿದರು. ಕಾವೂರಿನವರೆಗೆ ಒಂದು ಬಸ್ಸು, ಅಲ್ಲಿಂದ ಬಜಪೆಗೆ ಇನ್ನೊಂದು. ಎರಡರಲ್ಲೂ ಸೀಟು ಖಾಲಿ ಇದ್ದರೂ ನಿಂತೇ ಹೋದರು. ಕಂಡಕ್ಟರು "ಕೂತ್ಕೊಳ್ಳಿ ಟೀಚರೇ" ಅಂದಾಗ, "ನೀನು ಬಸ್ಸು ಬಿಡಿಸು ಮೊದಲು" ಎಂದು ಗದರಿದರು. ದಾರಿಯುದ್ದಕ್ಕೂ ಅವರಿಗೆ ತಂಗಿಯ ಮೇಲೆ ಸಿಟ್ಟು ಬರುತ್ತಿತ್ತು, ಗಾಜಿನ ಮೇಲೆ ಬರುತ್ತಿತ್ತು, ಕಡೆಗೆ ತಮ್ಮ ಮೇಲೆಯೇ ಬಂತು. ನನ್ನ ತಂಗಿ ನಂಬುವಂಥದ್ದು ನನ್ನಲ್ಲಿ ಕಾಮಾ ಒಂದೇ ಉಳಿಯಿತೇ ಎಂದು ದುಃಖವಾಯಿತು.

ಡೆರಿಲನ ಮನೆಯ ಜಗಲಿಯಲ್ಲಿ ಗ್ಲ್ಯಾಡಿಸ್ ಕೂತಿದ್ದಳು. ಕೂದಲು ಬೆಳ್ಳಗಾಗಿತ್ತು, ಮುಖ ಇಳಿದಿತ್ತು. ಪೆಟ್ಟಿಗೆಯನ್ನು ಇನ್ನೂ ಒಳಗೆ ಇಟ್ಟಿರಲಿಲ್ಲ. ಅಕ್ಕನನ್ನು ಕಂಡು ಎದ್ದಳು, ಆದರೆ ಹತ್ತಿರ ಬರಲಿಲ್ಲ.

"ಡೆರಿಲ್ ಹೇಳಿ ಕಳಿಸಿದ್ದಾ?" ಎಂದು ಕೇಳಿದಳು.

"ನಾನೇ ಬಂದದ್ದು. ಕಾಗದವೂ ನಾನೇ ಬರೆದದ್ದು" ಎಂದರು ಟೀಚರು ಏದುಸಿರು ಬಿಡುತ್ತ.

"ನೀನಾ? ತಿದ್ದದೆ?"

"ತಿದ್ದಿದ ಕಾಗದವೂ ಉಂಟು. ಒಂದೊಂದು ಕ್ರಿಸ್ಮಸಿಗೂ ನಿನಗೆ ಬರೆದಿದ್ದೇನೆ. ಒಂದರಲ್ಲೂ ಅಕ್ಷರ ತಪ್ಪಿಲ್ಲ. ಆದರೆ ಓದುವಾಗ ಯಾವುದೋ ಒಂದು ಮಾತು ಸರಿಯಿಲ್ಲ ಅಂತ ಕಾಣ್ತಿತ್ತು, ನಾಳೆ ಸರಿ ಮಾಡುವ ಅಂತ ಇಟ್ಟೆ. ಒಂದನ್ನೂ ಕಳಿಸಲಿಲ್ಲ. ಇವತ್ತು ಸರಿ ಮಾಡ್ತಾ ಕೂತಿದ್ದರೆ ನೀನು ಹೋಗಿಬಿಡ್ತಿದ್ದಿ."

ಗ್ಲ್ಯಾಡಿಸ್ ಅಕ್ಕನ ಮುಖವನ್ನೇ ನೋಡಿದಳು. ಆಮೇಲೆ ತನ್ನ ಫೋನು ತೆರೆದು, ಕನ್ನಡಕ ಹಾಕಿಕೊಂಡು, ಬೆರಳಿಟ್ಟು ತೋರಿಸಿದಳು. "ಮೊದಲಿನ ಮೂರು ಸಾಲು ಹೇಗೋ ಅರ್ಥ ಆಯ್ತು. ಕೊನೆಯದರಲ್ಲಿ ಎಂತ ಬರೆದಿದ್ದಿ? ವಿಮಾನದಿಂದ ಇಳಿದಲ್ಲಿಂದ ಹತ್ತು ಸಲ ಓದಿದೆ. ಒಂದು ಶಬ್ದವೂ ಕೊಂಕಣಿ ಇಲ್ಲ, ಇಂಗ್ಲಿಷೂ ಅಲ್ಲ."

ಟೀಚರು ಬಗ್ಗಿ ನೋಡಿದರು. ನಿಜವೇ. ಏನೂ ಉಳಿದಿರಲಿಲ್ಲ. ತಾವು ಬರೆದದ್ದನ್ನು ಅವರೇ ಓದಲಾರದಾದರು. ಫೋನು ಕೊಡು, ಸರಿ ಮಾಡಿ ಕೊಡುತ್ತೇನೆ ಎಂದು ಕೈ ಚಾಚಿದರು.

ಗ್ಲ್ಯಾಡಿಸ್ ಫೋನನ್ನು ಹಿಂದಕ್ಕೆ ಎಳೆದುಕೊಂಡಳು. "ಬೇಡ. ಬಾಯಿಂದ ಹೇಳು."

ಒಳಗೆ ಡೆರಿಲ್ ಯಾವುದೋ ಪಾತ್ರೆ ಸರಿಸುತ್ತಿದ್ದವನು ನಿಲ್ಲಿಸಿದ. ಟೀಚರು ಜಗಲಿಯ ಕಂಬ ಹಿಡಿದುಕೊಂಡರು. ಮೊದಲ ಸಲ ಮಾತು ತೊದಲಿತು, ಎರಡನೆಯ ಸಲ ಅರ್ಧಕ್ಕೆ ನಿಂತಿತು.

"ಮಾಂಯ್ ಕೊನೆಗೆ ಕೇಳಿದ್ದು ನಿನ್ನನ್ನೇ" ಎಂದರು. "ಮೂರು ವರ್ಷ ನಾನು ಎತ್ತಿ ಇಳಿಸಿದೆ, ಹೆಸರು ಹಿಡಿದದ್ದು ನಿನ್ನದು. ನನಗೆ ಅದು ತಡೆಯಲಿಕ್ಕಾಗಲಿಲ್ಲ. ಅದಕ್ಕೆ ನಿನಗೆ ಹಾಗೆ ಅಂದೆ. ಅನ್ನಬಾರದಿತ್ತು ತಂಗೀ."

ಗ್ಲ್ಯಾಡಿಸ್ ಕನ್ನಡಕ ತೆಗೆದಳು. ಅಂಗಿಯ ತೋಳಿನಿಂದಲೇ ಕಣ್ಣು ಒರೆಸಿಕೊಂಡಳು.

"ನನ್ನ ಹೆಸರು ಹಿಡಿದು ಕರೆದದ್ದಾ ಮಾಂಯ್?" ಎಂದು ಕೇಳಿದಳು. "ಇಷ್ಟು ವರ್ಷ ನನಗೆ ಯಾರೂ ಹೇಳಲಿಲ್ಲ."

"ಹೇಳಬೇಕಾದವಳು ನಾನೇ ಅಲ್ಲವಾ" ಎಂದರು ಟೀಚರು.

ಗ್ಲ್ಯಾಡಿಸ್ ಒಳಗೆ ತಿರುಗಿ, ಪೆಟ್ಟಿಗೆಯನ್ನು ಕಾರಿಗೆ ಹಾಕುವಂತೆ ಡೆರಿಲಿಗೆ ಕೂಗಿ ಹೇಳಿದಳು.